ಗಾಳ, ಎರೆ ಮತ್ತು ಲೆಕ್ಕ: ಕಾವೇರಿ ಸಂಗಮದ ದೊಡ್ಡ ಮೀನುಗಳ ಚರಿತ್ರೆಗೆ ಒಂದು ಪ್ರವೇಶ

೧. ಪೀಠಿಕೆ

ಕನಕಪುರದಿಂದ ದಕ್ಷಿಣಕ್ಕೆ ಹೊರಟ ದಾರಿಯು ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದಲ್ಲಿ ಮುಗಿಯುತ್ತದೆ. ಅಲ್ಲಿಂದ ಹೊಳೆಯ ಜಾಡು ಹಿಡಿದು ನಾಲ್ಕೈದು ಕಿಲೋಮೀಟರು ಕೆಳಕ್ಕೆ ಹೋದರೆ ಮೇಕೆದಾಟು. ಮೇಲಕ್ಕೆ, ಕಾಡಿನೊಳಗೆ, ಗಾಳಿಬೋರೆ. ಬೇಸಗೆಯಲ್ಲಿ ಇಲ್ಲಿಯ ನೀರು ಬಂಡೆಗಳ ನಡುವೆ ಹಲವು ಸೀಳಾಗಿ ಹರಿದು, ಅಲ್ಲಲ್ಲಿ ಆಳವಾದ ಮಡುಗಳಲ್ಲಿ ತಂಗಿ ಮುಂದೆ ಸಾಗುತ್ತದೆ. ಈ ಮಡುಗಳು ಮಹಶೀರ್ ಎಂಬ ಮಹಾಮತ್ಸ್ಯದ ನೆಲೆಗಳು. ಸಿಹಿನೀರಿನಲ್ಲಿ ಬಾಳುವ ಮೀನುಗಳಲ್ಲಿ ಗಾಳಕ್ಕೆ ಸಿಕ್ಕಿ ಇದರಷ್ಟು ಸೆಣಸುವ ಮೀನು ವಿರಳವೆಂದು ಬಲ್ಲವರು ಹೇಳುತ್ತಾರೆ. ಇದನ್ನು ಅರಸಿಕೊಂಡೇ ದೂರದೇಶಗಳ ಗಾಳಗಾರರು ಬಹುಕಾಲ ಈ ಕಾಡಿಗೆ ಬಂದುಹೋದರು.

ಗಾಳಕ್ಕೆ ಚುಚ್ಚುವ ಎರೆಯ ವಿಷಯವು ಇತಿಹಾಸ ವಿಭಾಗದ ಸಂಚಿಕೆಗೆ ತಕ್ಕುದೇ ಎಂದು ವಾಚಕರು ಕೇಳಬಹುದು. ತಕ್ಕುದೆಂದೇ ನಮ್ಮ ಅಭಿಪ್ರಾಯ. ಹೊಳೆಯ ಮೀನಿಗೆ ಶಾಸನವಿಲ್ಲ, ಕಡತವಿಲ್ಲ, ಕಂದಾಯದ ಲೆಕ್ಕವಿಲ್ಲ. ಯಾವ ಮಡುವಿನಲ್ಲಿ ಎಷ್ಟು ದೊಡ್ಡ ಮೀನು ಇತ್ತು, ಅದು ಯಾವಾಗ ಕಾಣೆಯಾಯಿತು ಎಂಬುದಕ್ಕೆ ನಮಗುಳಿದಿರುವ ಆಧಾರಗಳಲ್ಲಿ ಮುಖ್ಯವಾದುದು ಅದನ್ನು ಹಿಡಿದವರು ಬರೆದಿಟ್ಟ ಲೆಕ್ಕ. ಆ ಲೆಕ್ಕವಾದರೋ ಎರೆಯನ್ನು ಅವಲಂಬಿಸಿರುತ್ತದೆ. ಯಾವ ಎರೆ ಹಾಕಿದರೋ ಅದಕ್ಕೆ ಬಂದ ಮೀನು ಮಾತ್ರ ಪುಸ್ತಕದಲ್ಲಿ ಸೇರುತ್ತದೆ. ಆದುದರಿಂದ ಮೊದಲು ಎರೆಯ ಕ್ರಮವನ್ನೂ, ಬಳಿಕ ಅದರ ಚರಿತ್ರೆಯನ್ನೂ, ಕೊನೆಯಲ್ಲಿ ಲೆಕ್ಕವನ್ನು ಓದಬೇಕಾದ ರೀತಿಯನ್ನೂ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

೨. ಎರೆಯ ಕ್ರಮ

ಎರೆಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು: ಹಿಟ್ಟಿನ ಎರೆ, ಸತ್ತ ಎರೆ ಮತ್ತು ಸಜೀವ ಎರೆ. ಕಾವೇರಿಯ ಈ ಪಾತ್ರದಲ್ಲಿ ಮೂರೂ ಬಳಕೆಯಲ್ಲಿದ್ದವು. ಇವುಗಳಲ್ಲಿ ಹೆಚ್ಚು ಹೆಸರಾದುದು ರಾಗಿಹಿಟ್ಟಿನ ಉಂಡೆ. ರಾಗಿಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ನೀರಿನಲ್ಲಿ ಬೇಯಿಸಿ, ಮತ್ತೆ ನಾದಿ ಗಾಳದ ಸುತ್ತ ಮೆತ್ತುವುದು ವಾಡಿಕೆ. ವಾಸನೆಗಾಗಿ ಸೋಂಪು ಮೊದಲಾದುವನ್ನು ಬೆರೆಸುವವರೂ ಇದ್ದರು. ಮೇಲಿನ ಪದರ ಗಟ್ಟಿಯಾಗಿರುವುದರಿಂದ ಸಣ್ಣ ಮೀನುಗಳು ಅದನ್ನು ಬೇಗನೆ ಕಿತ್ತು ಮುಗಿಸಲಾರವು. ದಾರಕ್ಕೆ ಮೆತ್ತನೆಯ ಸೀಸದ ಪಟ್ಟಿಯನ್ನು ಸುತ್ತಿರುತ್ತಾರೆ. ಮೀನು ಬಂಡೆಗಳ ಸಂದಿಗೆ ನುಗ್ಗಿ ಸೀಸ ಸಿಕ್ಕಿಕೊಂಡರೆ ಅದು ಕಳಚಿಕೊಂಡು ದಾರ ಉಳಿಯುತ್ತದೆ. ಹೊಳೆಯಂಚಿನ ಹಳ್ಳಿಗರ ನಿತ್ಯದ ಆಹಾರವೇ ಮೀನಿಗೂ ಎರೆಯಾದುದು ಸಹಜವಾಗಿದೆ.

ಮಹಶೀರು ಹಿಟ್ಟನ್ನೂ ತಿನ್ನುತ್ತದೆ, ಏಡಿಯನ್ನೂ ತಿನ್ನುತ್ತದೆ. ಅದರ ದವಡೆಯಲ್ಲಿ ಹಲ್ಲಿಲ್ಲ. ಆದರೆ ಗಂಟಲಿನಲ್ಲಿ ಬಲವಾದ ಹಲ್ಲುಗಳಿವೆ. ನೀರಿಗೆ ಬಿದ್ದ ಹಣ್ಣು, ಪಾಚಿ, ಬಸವನಹುಳು, ಏಡಿ, ಸಣ್ಣ ಮೀನು, ಇವೆಲ್ಲವನ್ನೂ ಬಾಯಿಂದ ಸೆಳೆದು ಗಂಟಲಿನಲ್ಲಿ ಅರೆದು ನುಂಗುತ್ತದೆ. ದೊಡ್ಡ ಬಾಳೆಮೀನು, ಕೊರವ ಮೊದಲಾದವು ಇದಕ್ಕೆ ಭಿನ್ನವಾಗಿ ಬಹುಮಟ್ಟಿಗೆ ಬೇಟೆಯಿಂದಲೇ ಬದುಕುವ ಮೀನುಗಳು. ಅವುಗಳಿಗೆ ಹಿಟ್ಟು ರುಚಿಸದು. ಚಲಿಸುವ ಸಣ್ಣ ಮೀನು ಅಥವಾ ಕಪ್ಪೆ ಬೇಕು.

ಸಜೀವ ಎರೆಯು ದೊಡ್ಡ ಮೀನನ್ನು ಸೆಳೆಯುವುದಕ್ಕೆ ಕಾರಣ ಅದರ ಚಲನೆ. ಮೀನಿನ ಇಕ್ಕೆಲಗಳಲ್ಲಿ ತಲೆಯಿಂದ ಬಾಲದವರೆಗೆ ಪಾರ್ಶ್ವರೇಖೆಯೆಂಬ ಇಂದ್ರಿಯವಿದೆ. ನೀರಿನಲ್ಲುಂಟಾಗುವ ಸೂಕ್ಷ್ಮ ಕಂಪನವನ್ನೂ ಅದು ಗ್ರಹಿಸುತ್ತದೆ. ಹೀಗಾಗಿ ಕತ್ತಲೆಯಲ್ಲಿಯೂ ಕದಡಿದ ನೀರಿನಲ್ಲಿಯೂ ಬೇಟೆ ಎಲ್ಲಿದೆಯೆಂದು ದೊಡ್ಡ ಮೀನಿಗೆ ತಿಳಿಯುತ್ತದೆ. ಗಾಳಕ್ಕೆ ಸಿಕ್ಕಿದ ಸಣ್ಣ ಮೀನಿನ ಈಜು ಎಂದಿನ ಈಜಿನಂತಿರದೆ ತಡವರಿಸುತ್ತದೆ. ಬಳಲಿದ ಬೇಟೆ ಸುಲಭದ ಬೇಟೆ. ಹಸಿದ ಮೀನು ಅತ್ತ ತಿರುಗುವುದು ಸ್ವಾಭಾವಿಕ.

ಆದುದರಿಂದ ಎರೆಯನ್ನು ಬಹುಹೊತ್ತು ಜೀವದಿಂದಿಡುವುದೇ ಈ ಕ್ರಮದ ಕುಶಲತೆ. ಸಣ್ಣ ಮೀನಾದರೆ ಮೇಲ್ದುಟಿಯಲ್ಲಿಯೋ, ಬೆನ್ನಿನ ರೆಕ್ಕೆಯ ಬಳಿ ಬೆನ್ನೆಲುಬಿಗೆ ತಾಗದಂತೆ ತೆಳುವಾಗಿಯೋ ಗಾಳವನ್ನು ತೂರಿಸುತ್ತಾರೆ. ಹರಿಯುವ ನೀರಿನಲ್ಲಿ ತುಟಿಗೆ ಚುಚ್ಚುವುದೇ ಮೇಲು. ಆಗ ಎರೆಯು ಪ್ರವಾಹಕ್ಕೆ ಮುಖಮಾಡಿ ಉಸಿರಾಡಬಲ್ಲದು. ಏಡಿಯಾದರೆ ಚಿಪ್ಪಿನ ಅಂಚಿನಲ್ಲಿ ಚುಚ್ಚಬೇಕು. ಮೇಲೆ ಬೆಂಡು ಕಟ್ಟಿದರೆ ಎರೆಯು ನಿಂತ ಆಳ ನಮ್ಮ ಹತೋಟಿಯಲ್ಲಿರುತ್ತದೆ. ಸೀಸ ಕಟ್ಟಿದರೆ ತಳದಲ್ಲಿರುತ್ತದೆ. ದಾರವನ್ನು ಬಿಗಿಹಿಡಿದಷ್ಟೂ ಎರೆಯ ಚಲನೆ ಕುಗ್ಗುತ್ತದೆ.

ಎರೆಯನ್ನು ಎಲ್ಲಿಗೆ ಬಿಡಬೇಕೆಂಬುದನ್ನು ನೀರಿನ ಓಟವು ನಿರ್ಣಯಿಸುತ್ತದೆ. ದೊಡ್ಡ ಮೀನು ರಭಸದ ನಡುವೆ ನಿಂತು ಶಕ್ತಿಯನ್ನು ವ್ಯಯಮಾಡುವುದಿಲ್ಲ. ಬಂಡೆಯ ಮರೆಯಲ್ಲಿ ತಂಗಿ, ಓಟದಲ್ಲಿ ತೇಲಿಬರುವ ಆಹಾರಕ್ಕೆ ಕಾಯುತ್ತದೆ. ಈ ತತ್ತ್ವವು ಉಪ್ಪುನೀರಿನ ಸೇತುವೆಗಳ ಬಳಿ ಇನ್ನೂ ಸ್ಪಷ್ಟವಾಗಿ ಕಾಣುವುದರಿಂದ ಹೋಲಿಕೆಗಾಗಿ ಒಂದು ನಿದರ್ಶನವನ್ನು ಕೊಡಬಹುದು. ಅಮೆರಿಕದ ಫ್ಲಾರಿಡಾ ಪ್ರಾಂತದ ದಕ್ಷಿಣ ತುದಿಯ ದ್ವೀಪಗಳನ್ನು ಜೋಡಿಸಿ ೧೯೧೨ರಲ್ಲಿ ಕೀ ವೆಸ್ಟ್ ಮುಟ್ಟಿದ ರೈಲುದಾರಿಯು ೧೯೩೫ರ ಚಂಡಮಾರುತದಲ್ಲಿ ಹಾಳಾಯಿತು. ೧೯೩೮ರಲ್ಲಿ ಅದೇ ಹಾದಿಯಲ್ಲಿ ಹೆದ್ದಾರಿಯಾಯಿತು. ಮುಂದೆ ಹೊಸ ಸೇತುವೆಗಳು ಬಂದಮೇಲೆ ಹಳೆಯವುಗಳಲ್ಲಿ ಕೆಲವು ಗಾಳಗಾರರ ಪಾಲಿಗೆ ಉಳಿದವು. ಅಲ್ಲಿ ಟಾರ್ಪನ್ ಎಂಬ ಭಾರಿ ಮೀನು ಉಬ್ಬರವಿಳಿತದ ಓಟದಲ್ಲಿ ಸೇತುವೆಯ ಕಂಬಗಳ ಮರೆಯಲ್ಲಿಯೂ, ರಾತ್ರಿ ದೀಪದ ಬೆಳಕು ಮುಗಿದು ನೆರಳು ಮೊದಲಾಗುವ ಗೆರೆಯಲ್ಲಿಯೂ ಹೊಂಚಿರುತ್ತದೆ. ಗಾಳಗಾರರು ಜೀವಂತ ಏಡಿಯನ್ನೋ ಮೀನನ್ನೋ ಓಟದೊಡನೆ ಆ ಗೆರೆಯತ್ತ ತೇಲಿಬಿಡುತ್ತಾರೆ. ಕಾವೇರಿಯಲ್ಲಿ ಬಂಡೆಯು ಮಾಡುವ ಕೆಲಸವನ್ನು ಅಲ್ಲಿ ಕಂಬವು ಮಾಡುತ್ತದೆ. ಒಂದು ವ್ಯತ್ಯಾಸವನ್ನು ಗಮನಿಸಬೇಕು: ಸೇತುವೆಯ ಮೇಲಿರುವವನು ಮೀನಿನ ಬೆನ್ನುಹತ್ತಲಾರನು, ಕಾವೇರಿಯ ಗಾಳಗಾರನು ಹರಿಗೋಲಿನಲ್ಲಿ ಕುಳಿತು ಮೀನಿನ ಹಿಂದೆ ಮಡುವಿನಿಂದ ಮಡುವಿಗೆ ಹೋಗಬಲ್ಲನು.

೩. ಮತ್ಸ್ಯವಿನೋದ

ಗಾಳದ ಬೇಟೆಯನ್ನು ನಮ್ಮ ನಾಡಿಗೆ ಆಂಗ್ಲರು ತಂದರೆಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವು ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಭಾಗವಾಗಿದೆ. ಅದರ ನಾಲ್ಕನೆಯ ವಿಂಶತಿಯು ಅರಸನ ವಿನೋದಗಳನ್ನು ಹೇಳುವಂಥದು. ಆನೆ ಕುದುರೆಗಳ ಆಟ, ಮಲ್ಲಯುದ್ಧ, ಮೃಗಯೆ ಮೊದಲಾದವುಗಳ ಸಾಲಿನಲ್ಲಿ ‘ಮತ್ಸ್ಯವಿನೋದ’ವೂ ಸೇರಿದೆ.

ಈ ಭಾಗದಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಯ ಮೀನುಗಳ ಹೆಸರುಗಳಿವೆ. ಸಮುದ್ರದ ಮೀನು, ಹೊಳೆಯ ಮೀನು ಎಂದೂ, ಪೊರೆಯುಳ್ಳದ್ದು, ಪೊರೆಯಿಲ್ಲದ್ದು ಎಂದೂ ಅವುಗಳನ್ನು ವಿಂಗಡಿಸಲಾಗಿದೆ. ಯಾವ ಜಾತಿಗೆ ಯಾವ ಆಹಾರವನ್ನಿಕ್ಕಿ ಸಾಕಬೇಕು, ಗಾಳ, ದಾರ, ಕೋಲುಗಳು ಹೇಗಿರಬೇಕು ಎಂಬುದನ್ನೂ ಹೇಳಿದೆ. ಕೆಲವು ಮೀನುಗಳಿಗೆ ಹಿಟ್ಟಿನ ಉಂಡೆ, ಕೆಲವಕ್ಕೆ ಮಾಂಸದ ಉಂಡೆ ಎಂಬ ವಿವೇಚನೆಯು ಅಲ್ಲಿ ಮೂಡಿರುವುದನ್ನು ಕಾಣುತ್ತೇವೆ. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯವನ್ನು ಕುರಿತು ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಮೇಲೆ ವಿಜ್ಞಾನಿಗಳ ಗಮನವು ಇತ್ತ ಹರಿಯಿತು.

ನಮಗೆ ಇಲ್ಲಿ ಮುಖ್ಯವಾದ ಅಂಶ ಇಷ್ಟು. ಎರೆಯನ್ನು ಆಯುವವನು ಮೊದಲು ಮೀನಿನ ಜಾತಿಯನ್ನು ಅರಿತಿರಬೇಕೆಂದು ೧೨ನೆಯ ಶತಮಾನದ ಕರ್ಣಾಟಕದ ಅರಸನು ಬಲ್ಲವನಾಗಿದ್ದನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

೪. ತೂಕದ ಯುಗ

ಹತ್ತೊಂಬತ್ತನೆಯ ಶತಮಾನದಲ್ಲಿ ಗಾಳದ ಜತೆಗೆ ತಕ್ಕಡಿಯೂ ದಿನಚರಿಯೂ ಬಂದವು. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವು ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮಹಶೀರಿನ ಆಹಾರ, ಎರೆಗಳ ತಾರತಮ್ಯ, ಗಾಳದ ಸಲಕರಣೆ ಇವುಗಳ ವಿಚಾರ ಅದರಲ್ಲಿ ವಿಸ್ತಾರವಾಗಿದೆ. ಹೊಳೆಗಳಲ್ಲಿ ಮೀನು ನಶಿಸುತ್ತಿದೆಯೆಂಬ ಆತಂಕವೂ ಅದೇ ಕಾಲದ್ದು. ೧೮೯೭ರ ಭಾರತೀಯ ಮೀನುಗಾರಿಕೆ ಅಧಿನಿಯಮವು ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಹಿಡಿಯುವುದನ್ನು ಅಪರಾಧವೆಂದು ವಿಧಿಸಿತು. ಮೈಸೂರು ಸಂಸ್ಥಾನವು ೧೯೦೧ರಲ್ಲಿ ಬೇಟೆಯ ಮೃಗಗಳ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ಆದ ರೆಗ್ಯುಲೇಷನ್ನನ್ನು ಹೊರಡಿಸಿತು.

ಈ ಯುಗದಲ್ಲಿ ಮೀನಿನ ಚರಿತ್ರೆಯೆಂದರೆ ತೂಕದ ಚರಿತ್ರೆ. ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಮನೆತನದ ವ್ಯಾನ್ ಇಂಗನ್ ಅವರು ೧೯೪೬ರ ಮಾರ್ಚಿಯಲ್ಲಿ ಕಾವೇರಿಯ ಉಪನದಿಯಾದ ಕಬಿನಿಯಲ್ಲಿ ಹಿಡಿದ ಮಹಶೀರು ೧೨೦ ಪೌಂಡು, ಅಂದರೆ ಸುಮಾರು ೫೪ ಕಿಲೋಗ್ರಾಮು ತೂಗಿತು. ಇಂಥ ದಾಖಲೆಗಳು ಹೆಮ್ಮೆಯಿಂದ ಬರೆದಿಟ್ಟವು. ಅತಿದೊಡ್ಡ ಮೀನು ಯಾವುದೆಂಬುದನ್ನು ಹೇಳುತ್ತವೆ, ಉಳಿದವು ಎಷ್ಟೆಂಬುದನ್ನು ಹೇಳುವುದಿಲ್ಲ. ರಾಜರ ಪ್ರಶಸ್ತಿಗಳನ್ನು ಓದಿ ಪ್ರಜೆಗಳ ಸ್ಥಿತಿಯನ್ನು ಊಹಿಸುವವನ ಕಷ್ಟವೇ ಇಲ್ಲಿಯೂ ಒದಗುತ್ತದೆ.

೫. ಗಾಳಿಬೋರೆಯ ಲೆಕ್ಕ

ಸ್ವಾತಂತ್ರ್ಯಾನಂತರ ಕೆಲವು ಕಾಲ ಕಾವೇರಿಯ ಮಹಶೀರು ಹೊರಗಿನವರ ನೆನಪಿನಿಂದ ಮರೆಯಾಗಿತ್ತು. ೧೯೭೭–೭೮ರಲ್ಲಿ ಬ್ರಿಟನ್ನಿನ ಮೂವರು ಗಾಳಗಾರರ ತಂಡವು ಇಲ್ಲಿಗೆ ಬಂದು ದೊಡ್ಡ ಮೀನುಗಳನ್ನು ಹಿಡಿದ ಮೇಲೆ ಹೊಳೆಯ ಹೆಸರು ಮತ್ತೆ ಹಬ್ಬಿತು. ಕಾಲಕ್ರಮದಲ್ಲಿ ಭೀಮೇಶ್ವರಿ, ದೊಡ್ಡಮಕಲಿ, ಗಾಳಿಬೋರೆಗಳಲ್ಲಿ ಗಾಳಗಾರರ ಬೀಡುಗಳು ನೆಲೆಗೊಂಡವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವದಿಂದ ಹೊಳೆಗೆ ಬಿಡುವುದು ಅಲ್ಲಿಯ ನಿಯಮವಾಯಿತು. ಹಿಂದೆ ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಹರಿಗೋಲು ನಡೆಸುವವರಾಗಿ, ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಸಂಬಳ ಪಡೆದರು. ಜೀವಂತ ಮೀನಿನಿಂದ ಅನ್ನ ಹುಟ್ಟಿದ ಮೇಲೆ ಅದನ್ನು ಕಾಯುವ ಕಣ್ಣುಗಳೂ ಹುಟ್ಟಿಕೊಂಡವು.

ಗಾಳಿಬೋರೆಯಲ್ಲಿ ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ಇಂಥ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟಿಸಿದರು. ಒಟ್ಟು ೨೩,೬೨೦ ಗಂಟೆಗಳ ಗಾಳಗಾರಿಕೆಯಲ್ಲಿ ೬,೧೬೧ ಮಹಶೀರುಗಳು ಸಿಕ್ಕಿದ್ದವು. ಸರಾಸರಿ ನಾಲ್ಕು ಗಂಟೆಗೆ ಒಂದು ಮೀನಿಗಿಂತ ತುಸು ಹೆಚ್ಚಾಯಿತು. ತೂಕವು ೧ ಪೌಂಡಿನಿಂದ ೧೦೪ ಪೌಂಡಿನವರೆಗೆ ಇತ್ತು. ವರ್ಷ ಕಳೆದಂತೆ ಒಂದು ಗಂಟೆಗೆ ಸಿಗುವ ಮೀನುಗಳ ಸಂಖ್ಯೆ ಏರುತ್ತ ಹೋಗಿ, ಒಂದೊಂದರ ಸರಾಸರಿ ತೂಕ ಇಳಿಯುತ್ತ ಬಂದಿತ್ತು.

ಇದನ್ನು ಮೊದಲ ನೋಟಕ್ಕೆ ಓದುವವನು ಸಂತೋಷಪಡುವನು: ಕಾವಲಿನ ಫಲವಾಗಿ ಮರಿಗಳು ಹೆಚ್ಚಿ, ಹೊಳೆ ತುಂಬುತ್ತಿದೆ ಎನ್ನುವನು. ಈ ಓದು ಅರ್ಧಸತ್ಯ. ಪುಸ್ತಕದಲ್ಲಿ ಮಹಶೀರ್ ಎಂಬ ಒಂದೇ ಹೆಸರಿನಡಿ ಎರಡು ಮೀನುಗಳು ಅಡಗಿದ್ದವು. ಒಂದು ಕಾವೇರಿಯ ಹುಟ್ಟುಮೀನಾದ, ಬೆನ್ನು ಎತ್ತರಿಸಿದ ಗೂನುಬೆನ್ನಿನ ಮಹಶೀರು. ಹಳೆಯ ಭಾರಿ ತೂಕಗಳ ಕೀರ್ತಿ ಇದರದು. ಇನ್ನೊಂದು ನೀಲಿರೆಕ್ಕೆಯ ಮಹಶೀರು. ಮಹಾರಾಷ್ಟ್ರದ ಲೋಣಾವಳದಲ್ಲಿ ಕೃತಕವಾಗಿ ಮರಿಮಾಡಿಸಿ ಅನ್ಯ ನದಿಗಳಿಗೆ ಬಿಡಲಾದ ಜಾತಿ. ಮರಿಗಳನ್ನು ಬಿಟ್ಟವರ ಉದ್ದೇಶ ಹೊಳೆಯನ್ನು ತುಂಬುವುದೇ ಆಗಿತ್ತು. ಏರಿದ ಸಂಖ್ಯೆ ಈ ಎರಡನೆಯದರದು. ಮೊದಲನೆಯದು ಅದೇ ವರ್ಷಗಳಲ್ಲಿ ಕ್ಷೀಣಿಸುತ್ತ ಬಂದಿತ್ತು. ಒಟ್ಟು ಮೊತ್ತವು ಏರುತ್ತಿದ್ದಾಗಲೇ ಹೊಳೆಯ ಮೂಲನಿವಾಸಿ ಕಾಣೆಯಾಗುತ್ತಿತ್ತು.

ಇನ್ನೂ ಸೋಜಿಗದ ಸಂಗತಿಯೊಂದುಂಟು. ಲೋಕವೆಲ್ಲ ಹೆಸರಿಸುತ್ತಿದ್ದ ಈ ಗೂನುಬೆನ್ನಿನ ಮೀನಿಗೆ ನಿಶ್ಚಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲ. ತಮಿಳುನಾಡಿನ ಮೋಯಾರ್ ನದಿಯಲ್ಲಿ ಸಿಕ್ಕ ಮಾದರಿಗಳನ್ನು ಹೋಲಿಸಿ, ಕೇರಳದ ಪಾಂಬಾರಿನಿಂದ ಮೊದಲೇ ವರ್ಣಿತವಾಗಿದ್ದ ‘ಟೋರ್ ರೆಮಾದೇವಿ’ ಎಂಬುದು ಇದೇ ಎಂದು ೨೦೧೮ರಲ್ಲಿ ನಿರ್ಧರಿಸಲಾಯಿತು. ಹೆಸರು ಗೊತ್ತಾದ ವರ್ಷದಲ್ಲಿಯೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅದು ‘ತೀವ್ರವಾಗಿ ಅಳಿವಿನಂಚಿನಲ್ಲಿರುವ’ ಜೀವಿಗಳ ಸಾಲಿಗೆ ಸೇರಿತು.

ನಾವು ಸಂಗಮಕ್ಕೆ ಹೋಗಿದ್ದಾಗ, ಹಿಂದೆ ಗಾಳಗಾರರಿಗೆ ಹರಿಗೋಲು ನಡೆಸುತ್ತಿದ್ದ ವೃದ್ಧರೊಬ್ಬರನ್ನು ಈ ವಿಷಯವಾಗಿ ಕೇಳಿದೆವು. ಅವರು ನಕ್ಕು, “ಬೆನ್ನು ಎದ್ದಿದ್ದ ಮೀನೇ ಬೇರೆ, ಆಮೇಲೆ ಬಂದಿದ್ದೇ ಬೇರೆ ಮೇಷ್ಟ್ರೇ. ರೆಕ್ಕೆ ನೋಡಿದ್ರೆ ಗೊತ್ತಾಗಲ್ವಾ? ಬರಕೊಳ್ಳೋರು ತೂಕ ಕೇಳೋರು, ರೆಕ್ಕೆ ಕೇಳ್ತಿರಲಿಲ್ಲ” ಎಂದರು. ಸೋಮೇಶ್ವರನು ಮೊದಲು ಜಾತಿಯನ್ನು ಹೇಳಿ ಬಳಿಕ ಎರೆಯನ್ನು ಹೇಳಿದನೆಂಬುದನ್ನು ಇಲ್ಲಿ ಸ್ಮರಿಸಿಕೊಳ್ಳಬೇಕು.

೬. ಎರೆಯ ಪಕ್ಷಪಾತ

ಎಲ್ಲ ಆಧಾರಗಳಿಗೂ ಒಂದೊಂದು ಪಕ್ಷಪಾತವಿರುವಂತೆ ಗಾಳದ ಲೆಕ್ಕಕ್ಕೂ ಇದೆ. ಹಿಟ್ಟಿನ ಉಂಡೆಗೆ ಬರುವ ಮೀನು ಬೇರೆ, ಸಜೀವ ಎರೆಗೆ ಬರುವ ಮೀನು ಬೇರೆ. ಉಂಡೆಯ ಗಾತ್ರ ಕಿರಿದಾದರೆ ಕಿರಿಯ ಮೀನುಗಳ ಸಂಖ್ಯೆ ಹೆಚ್ಚುವುದು. ಅಂಗೈಯಗಲದ ಮೀನನ್ನು ಎರೆಯಾಗಿ ಬಿಟ್ಟವನ ಗಾಳಕ್ಕೆ ದಿನವೆಲ್ಲ ಏನೂ ಬರದೆ ಒಂದೇ ಭಾರಿ ಮೀನು ಬರಬಹುದು. ಆದುದರಿಂದ ಎರೆಯ ಹೆಸರಿಲ್ಲದ ಲೆಕ್ಕದಿಂದ ಹೊಳೆಯ ಸ್ಥಿತಿಯನ್ನು ನಿರ್ಣಯಿಸುವಾಗ ಎಚ್ಚರ ಬೇಕು.

ಸಜೀವ ಎರೆಗೆ ಮತ್ತೆರಡು ದೋಷಗಳುಂಟು. ದೊಡ್ಡ ಮೀನು ಅದನ್ನು ಆಳವಾಗಿ ನುಂಗುವುದರಿಂದ ಗಾಳವು ಕರುಳಿನವರೆಗೆ ಇಳಿದು, ಬಿಟ್ಟರೂ ಮೀನು ಬದುಕದಿರಬಹುದು. ತುದಿಯು ಒಳಕ್ಕೆ ಬಾಗಿದ ವೃತ್ತಾಕಾರದ ಗಾಳವು ಬಾಯಿಯ ಮೂಲೆಯಲ್ಲಿಯೇ ಸಿಕ್ಕಿಕೊಳ್ಳುವುದರಿಂದ ಈ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಎರಡನೆಯದು, ಒಂದು ಕೆರೆಯಿಂದ ಹಿಡಿದು ತಂದ ಎರೆಯ ಮೀನುಗಳಲ್ಲಿ ಉಳಿದವನ್ನು ಇನ್ನೊಂದು ಹೊಳೆಗೆ ಚೆಲ್ಲುವ ಅಭ್ಯಾಸ. ಅನ್ಯ ಜಾತಿಗಳೂ ರೋಗಗಳೂ ಹೊಸ ನೀರಿಗೆ ಹಬ್ಬಲು ಇದು ಲೋಕದ ಅನೇಕ ಕಡೆ ಕಾರಣವಾಗಿದೆ. ಮೀನನ್ನು ಜೀವಂತವಾಗಿ ಗಾಳಕ್ಕೆ ಚುಚ್ಚುವುದು ಹಿಂಸೆಯೆಂಬ ಆಕ್ಷೇಪವೂ ನ್ಯಾಯವಾದುದೇ. ನಾರ್ವೆ ದೇಶವು ಜೀವಂತ ಮೀನನ್ನು ಎರೆಯಾಗಿಸುವುದನ್ನು ನಿಷೇಧಿಸಿದೆ.

೭. ಉಪಸಂಹಾರ

ಈ ಕಾಡು ೧೯೮೭ರಲ್ಲಿ ಕಾವೇರಿ ವನ್ಯಜೀವಿಧಾಮವೆಂದು ಘೋಷಿತವಾಗಿತ್ತು. ಸಂರಕ್ಷಿತ ಪ್ರದೇಶದಲ್ಲಿ ಗಾಳ ಹಾಕುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಬೇಟೆಯೇ ಎಂಬ ನಿಲುವು ಗಟ್ಟಿಯಾಗಿ, ೨೦೧೨ರ ವೇಳೆಗೆ ಇಲ್ಲಿಯ ಗಾಳದ ಬೀಡುಗಳು ಮುಗಿದವು. ನಿಯಮದ ನ್ಯಾಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಾಳದೊಂದಿಗೆ ಲೆಕ್ಕವೂ, ಲೆಕ್ಕದೊಂದಿಗೆ ಆ ಕಾವಲುಗಾರರ ಸಂಬಳವೂ ನಿಂತವೆಂಬುದನ್ನು ಚರಿತ್ರಕಾರನು ಬರೆಯಲೇಬೇಕು. ಬೆಂಗಳೂರಿನ ಕೊಳೆನೀರನ್ನು ಹೊತ್ತ ವೃಷಭಾವತಿಯು ಅರ್ಕಾವತಿಗೆ ಸೇರಿ, ಅದು ಸಂಗಮದಲ್ಲಿ ಕಾವೇರಿಗೆ ಇಳಿಯುತ್ತದೆ. ಮೇಕೆದಾಟಿನಲ್ಲಿ ಸುಮಾರು ೬೭ ಟಿ.ಎಂ.ಸಿ. ಅಡಿ ನೀರು ನಿಲ್ಲಿಸುವ ಜಲಾಶಯದ ಪ್ರಸ್ತಾವವೂ ಇದೆ. ಕುಡಿಯುವ ನೀರಿನ ಅಗತ್ಯ ಸಣ್ಣ ವಿಷಯವಲ್ಲ. ಹಾಗೆಯೇ, ಹರಿಯುವ ಮಡುವು ನಿಂತ ನೀರಾದರೆ ಓಟದ ಮೀನಿಗೆ ಅದು ಮನೆಯಾಗಿ ಉಳಿಯದೆಂಬುದೂ ಸಣ್ಣ ವಿಷಯವಲ್ಲ.

ಏನೇ ಆಗಲಿ, ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ತುರ್ತಿನ ಕೆಲಸವೊಂದಿದೆ. ಹರಿಗೋಲಿನವರೂ ಮಾರ್ಗದರ್ಶಕರೂ ಆಗಿದ್ದವರು ವೃದ್ಧರಾಗುತ್ತಿದ್ದಾರೆ. ಯಾವ ಮಡುವಿನಲ್ಲಿ, ಯಾವ ಎರೆಗೆ, ಯಾವ ರೆಕ್ಕೆಯ ಮೀನು, ಯಾವ ವರ್ಷ ಕೊನೆಯದಾಗಿ ಬಂದಿತೆಂಬುದು ಅವರ ನೆನಪಿನಲ್ಲಿದೆ. ಮಡುಗಳಿಗೆ ಅವರಿಟ್ಟ ಹೆಸರುಗಳೂ ಅಲ್ಲಿಯೇ ಇವೆ. ಗಾಳಗಾರರ ಮನೆಗಳಲ್ಲಿ ಹಳೆಯ ದಿನಚರಿಗಳೂ ಛಾಯಾಚಿತ್ರಗಳೂ ಉಳಿದಿರಬಹುದು. ಚಿತ್ರದಲ್ಲಿ ಬೆನ್ನು ಕಂಡರೆ ಜಾತಿಯನ್ನು ಗುರುತಿಸಬಹುದು. ಇವನ್ನು ಕೂಡಿಸಿ ಬರೆದುಕೊಳ್ಳುವುದಕ್ಕೆ ಮುಂದಿನ ಬೇಸಗೆಯಲ್ಲಿ ನಮ್ಮ ವಿದ್ಯಾರ್ಥಿಗಳೊಡನೆ ಸಂಗಮದ ಸುತ್ತಣ ಹಳ್ಳಿಗಳಿಗೆ ಹೋಗಲು ನಿಶ್ಚಯಿಸಿದ್ದೇವೆ. ಈ ಬಾರಿ ತೂಕವನ್ನು ಕೊನೆಯಲ್ಲಿ ಕೇಳುವೆವು. ಮೊದಲು ರೆಕ್ಕೆಯನ್ನು ಕೇಳುವೆವು.